ಸವ್ವಾ ಅಂಕಣ

ನವನಗರದಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಕಟ್ಟಿದವರು ಇಟ್ಟಿಗೆಯನ್ನು ಉಳಿಸಲು ಎಷ್ಟು ಸಾಧ್ಯವೋ ಅಷ್ಟೂ ಶ್ರಮಪಟ್ಟಿದ್ದಾರೆ. ಅವರ ಒಗ್ಗರಣೆಯ ಸಾಸಿವೆ ನಮ್ಮ ಅಡಿಗೆಮನೆಯಲ್ಲಿ ಸಿಡಿಯುತ್ತದೆ, ನಮ್ಮ ಜಗಳದ ಕೊನೆಯ ಮಾತು ಅವರಿಗೆ ಮೊದಲು ಕೇಳುತ್ತದೆ. ಕದ್ದು ಕೇಳುವ ಚಟ ನನಗಿಲ್ಲ ಎಂದು ನಾನು ಹೇಳಿದರೆ ನೀವು ನಂಬಬೇಕು, ಏಕೆಂದರೆ ಅದಕ್ಕೆ ಕದಿಯುವ ಅಗತ್ಯವೇ ಇಲ್ಲ. ನಿನ್ನೆ ಸಂಜೆ ಕುಕ್ಕರಿನ ಸೀಟಿಗಾಗಿ ಕಾಯುತ್ತ ನಿಂತಿದ್ದೆ. ಬೇಳೆ ಬೇಯುವ ವಾಸನೆಯ ಜೊತೆಗೆ ಆ ಕಡೆಯಿಂದ ಗಣಿತದ ಹೋಮ್‌ವರ್ಕೂ ಬಂತು.

"ಮಮ್ಮಿ, ಅರ್ಧ ಇಂಟು ಅರ್ಧ ಮಾಡಿದ್ರ ಕಾಲು ಬಂತು. ಗುಣಿಸಿದ ಮ್ಯಾಲ ದೊಡ್ಡದಾಗಬೇಕಲ್ಲ? ಸಣ್ಣದ ಯಾಕಾತು?"

ತಾಯಿಯ ಕೈಯಲ್ಲಿ ಪಾತ್ರೆಯೊಂದು ಸದ್ದು ಮಾಡಿತು.

"ಬುಕ್ಕಿನ್ಯಾಗ ಏನೈತಿ ಅದನ್ನ ಬರಿ. ಇಲ್ಲದ್ದೆಲ್ಲಾ ಕೇಳಬ್ಯಾಡ."

ನನಗೆ ನಗು ಬಂತು. ಇದೇ ಪ್ರಶ್ನೆಯನ್ನು ನಾನು ಮೊದಲ ಸಲ ಕೇಳಿದ್ದು ಐದನೆಯ ಇಯತ್ತೆಯ ಮಗುವಿನ ಬಾಯಿಂದಲ್ಲ. ಮೂವತ್ತು ದಾಟಿದ, ಮಡಿಲಲ್ಲಿ ಪಾಟಿ ಇಟ್ಟುಕೊಂಡು ಕೂತ ನಮ್ಮ ನೀಲತ್ತಿಯ ಬಾಯಿಂದ.

ನೀಲತ್ತಿ ಎಂದರೆ ನಮ್ಮಪ್ಪನ ತಂಗಿ ನೀಲವ್ವ. ಕಲಾದಗಿಗೆ ಕೊಟ್ಟಿದ್ದರು. ಎರಡು ವರ್ಷ ಅಲ್ಲಿದ್ದು ಒಂದು ದಿನ ಟ್ರಂಕು ಹಿಡಿದುಕೊಂಡು ನಮ್ಮೂರು ಗುಡೂರಿಗೆ ತಿರುಗಿ ಬಂದಳು. ಯಾಕೆ ಬಂದೆ ಎಂದು ಯಾರು ಕೇಳಿದರೂ ಅವಳ ಉತ್ತರ ಒಂದೇ: "ಆ ಊರ ನೀರು ನನಗ ಒಗ್ಗಲಿಲ್ಲ." ಘಟಪ್ರಭೆಯ ನೀರು ಒಗ್ಗದವರನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಆದರೂ ಮನೆಯವರು ಆ ಉತ್ತರವನ್ನು ಸಂತೋಷದಿಂದ ಒಪ್ಪಿಕೊಂಡರು. ಮುಂದೆ ಕೇಳಿದರೆ ಇನ್ನೇನಾದರೂ ಹೇಳಿಬಿಟ್ಟಾಳು ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಹೀಗೆ ನೀಲತ್ತಿ ನಮ್ಮ ಮನೆಯವಳಾದಳು. ಮನೆಯವಳೇ ಆಗಿದ್ದವಳು ಮತ್ತೆ ಆದಳು ಎನ್ನುವುದು ವಿಚಿತ್ರ. ಆದರೆ ಮದುವೆಯಾಗಿ ತಿರುಗಿ ಬಂದ ಹೆಣ್ಣುಮಗಳಿಗೆ ತವರುಮನೆ ಎರಡನೆಯ ಸಲ ಹೊಸದಾಗಿ ಪರಿಚಯವಾಗುತ್ತದೆ. ಮೊದಲು ಎಲ್ಲಿ ಬೇಕಾದರೂ ಮಲಗುತ್ತಿದ್ದವಳು ಈಗ ಎಲ್ಲಿ ಮಲಗಲಿ ಎಂದು ಕೇಳಬೇಕು.

ಅವಳು ಹತ್ತನೆಯ ಇಯತ್ತೆಯಲ್ಲಿ ಗಣಿತವೊಂದರಲ್ಲಿ ನಪಾಸಾಗಿದ್ದಳು. ಅದೇ ವರ್ಷ ಮದುವೆ ಗೊತ್ತಾದದ್ದರಿಂದ ಮತ್ತೆ ಪರೀಕ್ಷೆಗೆ ಕೂರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಊರಿಗೆ ಇನ್ನೊಂದು ಅಂಗನವಾಡಿ ಬರುತ್ತದೆ, ಹತ್ತು ಪಾಸಾದವರಿಗೆ ಟೀಚರ್ ಕೆಲಸ ಸಿಗುತ್ತದೆ ಎಂಬ ಸುದ್ದಿ ಬಂದಾಗ ನೀಲತ್ತಿ ಪಕ್ಕಾ ಮಾಡಿಕೊಂಡಳು: ಆ ಒಂದು ವಿಷಯಕ್ಕೆ ಮತ್ತೆ ಕೂರುವುದು. ಮನೆಯಲ್ಲಿ ಎಲ್ಲರಿಗೂ ಖುಷಿಯೇ ಆಯಿತು. ಅಪ್ಪ ಹುನಗುಂದದ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಪರೀಕ್ಷೆಯ ಅರ್ಜಿ ತುಂಬಿ ತಾನೇ ತಂದುಕೊಟ್ಟ. ಊರಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದ ಅಪ್ಪನ ತಮ್ಮ, ನಮ್ಮ ಕಾಕಾ, "ಕಲೀಲಿ, ಕಲೀಲಿ. ವಿದ್ಯಾ ಯಾರಪ್ಪನ ಸ್ವತ್ತೂ ಅಲ್ಲ" ಎಂದು ದೊಡ್ಡ ಮಾತಾಡಿದ. ಈ ಮಾತು ನೆನಪಿದ್ದವರು ನಮ್ಮ ಮನೆಯಲ್ಲಿ ಮುಂದೆ ಅದನ್ನು ಅವನ ಎದುರಿಗೆ ಆಡಲಿಲ್ಲ.

ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನಾಗ ಇಳಕಲ್ಲಿನಲ್ಲಿ ಪಿಯುಸಿ ಸೈನ್ಸ್. ನಮ್ಮೂರಲ್ಲಿ ಸೈನ್ಸ್ ಓದುವ ಹುಡುಗಿ ಎಂದರೆ ಎಲ್ಲ ಗೊತ್ತಿದ್ದವಳು ಎಂದರ್ಥ. ಗುಳಿಗೆಯ ಚೀಟಿ ಓದಿ ಯಾವ ಜಡ್ಡಿಗೆ ಎಂದು ಹೇಳಬೇಕು, ಟಿವಿ ನಿಂತರೆ ಯಾಕೆ ನಿಂತಿತು ಎಂದು ಹೇಳಬೇಕು. ನಾನೂ ಧೈರ್ಯವಾಗಿ ಹೇಳುತ್ತಿದ್ದೆ. ಸಂಜೆ ಬಸ್ಸಿಳಿದು ಮನೆಗೆ ಬಂದು ಚಹಾ ಕುಡಿದ ಮೇಲೆ ಪಡಸಾಲೆಯಲ್ಲಿ ನಮ್ಮ ಶಾಲೆ. ವಿದ್ಯಾರ್ಥಿನಿಗೆ ನನಗಿಂತ ಎರಡುಪಟ್ಟು ವಯಸ್ಸು. ಮೂಲದಿಂದ ಬರೋಣ ಎಂದು ನಾನು ಭಿನ್ನರಾಶಿಯಿಂದ ಶುರುಮಾಡಿದೆ. ಒಂದು ವಾರದಲ್ಲಿ ಮುಗಿಸಿ ಮುಂದೆ ಹೋಗುವ ಯೋಜನೆ ನನ್ನದಾಗಿತ್ತು.

"ಅತ್ತಿ, ಮ್ಯಾಲಿನದು ಮ್ಯಾಲಿನದಕ್ಕ ಗುಣಿಸು, ಕೆಳಗಿನದು ಕೆಳಗಿನದಕ್ಕ ಗುಣಿಸು. ಒಂದೊಂದ್ಲೆ ಒಂದು, ಎರಡೆರಡ್ಲೆ ನಾಕು. ನಾಕರಾಗ ಒಂದು, ಅಂದ್ರ ಕಾಲು. ಮುಗೀತು."

"ಮುಗೀಲಿಲ್ಲ." ಅತ್ತಿ ಬಳಪ ಕೆಳಗಿಟ್ಟಳು. "ಗುಣಿಸೂದು ಅಂದ್ರ ಏನು?"

"ಅಷ್ಟು ಪಟ್ಟು ಮಾಡೂದು."

"ಎರಡನ್ನ ಮೂರು ಪಟ್ಟು ಮಾಡಿದ್ರ ಆರಾತು, ಹೆಚ್ಚಾತು. ಅರ್ಧಾನ್ನ ಅರ್ಧಾ ಪಟ್ಟು ಮಾಡಿದ್ರ ಇದ್ದದ್ದೂ ಹೋತಲ್ಲ. ಇದು ಗುಣಾಕಾರ ಹೆಂಗಾತು? ಇದು ಕಳಕೊಳ್ಳೂದು."

ನಾನು ಒಳಗೆ ಹೋಗಿ ಒಂದು ಜೋಳದ ರೊಟ್ಟಿ ತಂದೆ. ಜಗತ್ತಿನ ಎಲ್ಲ ಗಣಿತದ ಮಾಸ್ತರರೂ ಕೈಸೋತಾಗ ರೊಟ್ಟಿಗೆ ಕೈಹಾಕುತ್ತಾರೆ. ಅರ್ಧ ಮಾಡಿ ತೋರಿಸಿದೆ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ ತೋರಿಸಿದೆ. ಅತ್ತಿ ನನ್ನ ಕೈಯನ್ನೇ ನೋಡುತ್ತಿದ್ದಳು.

"ಈಗ ನೀ ಮಾಡಿದ್ದು ಭಾಗಾಕಾರ. ರೊಟ್ಟಿ ಮುರದಿ. ಗುಣಿಸಲಿಲ್ಲ."

ರೊಟ್ಟಿ ಒಣಗಬಾರದೆಂದು ಇಬ್ಬರೂ ಸೇರಿ ಶೇಂಗಾಚಟ್ನಿ ಹಚ್ಚಿಕೊಂಡು ತಿಂದೆವು. ತಿನ್ನುತ್ತ ನಾನು ಹೇಳಿದೆ: "ಯಾಕ ಅಂತ ಕೇಳಬ್ಯಾಡ ಅತ್ತಿ. ಸುಮ್ಮ ಹಂಗ ಬರಿ. ಮಾರ್ಕ್ಸ್ ಕೊಡ್ತಾರ."

ಅತ್ತಿ ಆಗ ಹೇಳಿದ್ದನ್ನು ನಾನು ಮರೆತಿಲ್ಲ. ಹತ್ತನೆಯ ಪರೀಕ್ಷೆಯಲ್ಲಿ ಅವಳು ನಪಾಸಾದದ್ದು ಲೆಕ್ಕ ಬಾರದೆ ಅಲ್ಲವಂತೆ. ಒಂದು ದೊಡ್ಡ ಲೆಕ್ಕದ ನಡುವೆ ಇಂಥದೇ ಒಂದು ಗುಣಾಕಾರ ಬಂತು. ಉತ್ತರ ಸಣ್ಣದಾಯಿತು. ಎಲ್ಲೋ ತಪ್ಪಿದೆ ಎಂದು ಅಳಿಸಿದಳು, ಮತ್ತೆ ಮಾಡಿದಳು, ಮತ್ತೆ ಸಣ್ಣದಾಯಿತು. ಅದರ ಮುಂದೆಯೇ ಕೂತಳು. ಗಂಟೆ ಹೊಡೆಯಿತು.

"ನನಗ ಖರೆ ಅನ್ನಿಸದ್ದು ಬರೀಲಿಕ್ಕ ಬರೂದಿಲ್ಲವಾ. ಕೈ ಮುಂದ ಹೋಗೂದಿಲ್ಲ."

ಇಷ್ಟು ಪ್ರಾಮಾಣಿಕಳಾದ ಹೆಂಗಸು ಪರೀಕ್ಷೆಯಲ್ಲಿ ಪಾಸಾಗುವುದು ಕಠಿಣ ಎಂದು ನನಗೆ ಗೊತ್ತಿತ್ತು. ನಾನು ಆವರೆಗೆ ಎಲ್ಲದರಲ್ಲೂ ಫಸ್ಟ್ ಕ್ಲಾಸ್ ಪಾಸಾಗಿದ್ದೆ. ಒಂದನ್ನೂ ಖರೆಯೋ ಸುಳ್ಳೋ ಎಂದು ಕೇಳಿಕೊಂಡಿರಲಿಲ್ಲ.

ಕೊನೆಗೆ ಹಾದಿ ಸಿಕ್ಕಿದ್ದು ನಮ್ಮ ಮಾತಿನಲ್ಲೇ. ಒಂದು ಸಂಜೆ ನಾನು ಬೇಸತ್ತು, "ಆ ಗುಣಾಕಾರದ ಚಿಹ್ನೆ ಮರತುಬಿಡು. ಅದು ಕಂಡಲ್ಲೆಲ್ಲಾ 'ದಾಗ' ಅಂತ ಓದು. ಅರ್ಧದಾಗ ಅರ್ಧಾ. ಮುಕ್ಕಾಲದಾಗ ಮೂರನೇ ಒಂದು" ಎಂದೆ. ಅತ್ತಿ ಬಾಯಲ್ಲೇ ಎರಡು ಸಲ ಹೇಳಿಕೊಂಡಳು. ಅವಳ ಮುಖದ ಮೇಲೆ ನಿಧಾನವಾಗಿ ಏನೋ ಸಡಿಲಾಯಿತು.

"ಹಂಗಂದ್ರ ಸಣ್ಣದ ಆಗಬೇಕಲ್ಲ!"

"ಆಗಬೇಕು."

"ಹೆಸರು ತಪ್ಪಿಟ್ಟಾರ ಬಿಡು. ಲೆಕ್ಕ ಸರಿ ಐತಿ." ಇಷ್ಟು ಹೇಳಿ ಗಣಿತಶಾಸ್ತ್ರವನ್ನು ಕ್ಷಮಿಸಿದವಳಂತೆ ಬಳಪ ಕೈಗೆ ತೆಗೆದುಕೊಂಡಳು.

ಆಮೇಲೆ ಒಂದು ವಾರ ಅತ್ತಿ ಮನೆಯಲ್ಲಿ ಕಂಡದ್ದನ್ನೆಲ್ಲ ಗುಣಿಸಿದಳು. ಆದರೆ ಮಿಶ್ರ ಭಿನ್ನರಾಶಿಯ ಹತ್ತಿರ ಬಂದಾಗ ಮತ್ತೆ ಗಾಡಿ ನಿಂತಿತು. ಪೂರ್ಣ ಸಂಖ್ಯೆಯೂ ಚೂರೂ ಜೊತೆಯಲ್ಲಿದ್ದರೆ ಮೊದಲು ಎರಡನ್ನೂ ಕೂಡಿಸಿ ಒಂದೇ ಭಿನ್ನರಾಶಿ ಮಾಡಿಕೊಂಡು ಆಮೇಲೆ ಗುಣಿಸಬೇಕು ಎಂದು ನಾನು ಹೇಳಿದೆ. ಅತ್ತಿಗೆ ಅದು ಸುತ್ತು ಹಾದಿ ಎನ್ನಿಸಿತು. "ದೊಡ್ಡದನ್ನ ಗುಣಿಸಿದ್ರ ಸಾಲದೇನು? ಆ ಸಣ್ಣ ಚೂರಿಗೆ ಯಾಕ ತ್ರಾಸ ಕೊಡಬೇಕು, ಅದು ತನ್ನಷ್ಟಕ್ಕ ತಾ ಬಾಜೂಕ ಕುಂದರಲಿ" ಎಂದಳು. ಹಾಗಲ್ಲ ಎಂದು ಹೇಳುವಷ್ಟರಲ್ಲಿ ಒಳಗೆ ಹಾಲು ಉಕ್ಕಿತು, ಅವಳು ಎದ್ದು ಓಡಿದಳು. ನಾಳೆ ಹೇಳಿದರಾಯಿತು ಎಂದು ನಾನೂ ಬಿಟ್ಟೆ. ಮರುದಿನ ಭಾನುವಾರ.

ಇಲ್ಲಿ ಮನೆಯ ಬಗ್ಗೆ ಒಂದಿಷ್ಟು ಹೇಳಬೇಕು. ನಮ್ಮ ಕಡೆ ಹಳೆಯ ಮನೆಗಳನ್ನು ಚದರಡಿಯಲ್ಲಿ ಹೇಳುವುದಿಲ್ಲ, ಅಂಕಣದಲ್ಲಿ ಹೇಳುತ್ತಾರೆ. ಎರಡು ಸಾಲು ಕಂಬಗಳ ನಡುವಿನ ಜಾಗ ಒಂದು ಅಂಕಣ. ಅಜ್ಜನ ಕಾಲಕ್ಕೆ ಅಣ್ಣತಮ್ಮಂದಿರ ನಡುವೆ ಪಾಲಾಗಿ ನಮ್ಮಜ್ಜನಿಗೆ ನಾಲ್ಕು ಅಂಕಣ ಬರಬೇಕಾಗಿತ್ತು. ಆದರೆ ಮಾಳಿಗೆಗೆ ಹತ್ತುವ ಕಲ್ಲಿನ ಮೆಟ್ಟಿಲು ಆ ಕಡೆಯವರಿಗೆ ಹೋಗಿ, ಜೊತೆಗೆ ಕಾಲು ಅಂಕಣವನ್ನೂ ಎಳೆದುಕೊಂಡು ಹೋಯಿತು. ಹೀಗಾಗಿ ನಮ್ಮದು ಮೂರು ಮುಕ್ಕಾಲು ಅಂಕಣದ ಮನೆ. ನಮ್ಮ ಮಾತಿನಲ್ಲಿ ಪೌಣೆ ನಾಕು. ಅಜ್ಜ ಅಜ್ಜಿ ಇಬ್ಬರೂ ಹೋಗಿ ವರ್ಷಗಳಾಗಿದ್ದರೂ ಪಂಚಾಯತಿಯ ಆಸ್ತಿ ದಾಖಲೆ, ಉತಾರದಲ್ಲಿ ಮಾತ್ರ ಅಜ್ಜ ಇನ್ನೂ ಜೀವಂತ ಇದ್ದ. ಅವನ ಹೆಸರು ತೆಗೆಸಿ ಅಪ್ಪ ಮತ್ತು ಕಾಕಾನ ಹೆಸರು ಹಚ್ಚಬೇಕಾಗಿತ್ತು. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಬಂದಿತ್ತು. ಅದು ಊರಲ್ಲಿ ಬೇರೆ ಯಾರಿಗೆ ಗೊತ್ತಿರಲಿ ಬಿಡಲಿ, ತಾಲೂಕು ಕಚೇರಿಯ ಗುಮಾಸ್ತನಿಗೆ ಗೊತ್ತಿತ್ತು. ಆದ್ದರಿಂದಲೇ ತಂಗಿಯ ಒಂದು ಸಹಿ ಬೇಕಾಗಿತ್ತು.

ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದಾದ ಮೇಲೆ ಅಪ್ಪ ಪಡಸಾಲೆಯಲ್ಲಿ ಕಾಗದ ಬಿಚ್ಚಿದ. ಕಾಕಾ ಕಂಬಕ್ಕೆ ಒರಗಿ ಕೂತಿದ್ದ. ಅತ್ತಿ ಮೂಲೆಯಲ್ಲಿ ಪಾಟಿ ಹಿಡಿದಿದ್ದಳು. ಅವ್ವ ಅಡಿಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

"ನೀಲಾ, ಇಲ್ಲೊಂದು ಸಹಿ ಮಾಡವಾ."

"ಎದರದಣ್ಣಾ?"

"ಏನಿಲ್ಲ. ಮನ್ಯಾಗ ನನಗ ಪಾಲು ಬ್ಯಾಡ ಅಂತ. ನೀ ಏನ ಎಲ್ಲೆ ಹೋಗಾಕಿ, ಇಲ್ಲೇ ಇರಾಕಿ. ಸುಮ್ಮ ಕಾಗದಕ್ಕ ಬೇಕು."

ಅತ್ತಿ ಎದ್ದು ಬಂದಳು, ಪೆನ್ನು ತೆಗೆದುಕೊಂಡಳು. ಮಾಡಿಬಿಡುತ್ತಿದ್ದಳು ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಜಗಳದ ಮನಸ್ಸು ಅವಳಲ್ಲಿ ಇರಲಿಲ್ಲ. ಆದರೆ ಒಂದು ತಿಂಗಳಿಂದ ಅವಳ ತಲೆಯೊಳಗೆ ಬೇರೇನೋ ಓಡುತ್ತಿತ್ತು. ಪೆನ್ನು ಹಿಡಿದವಳೇ ಕೇಳಿದಳು:

"ನನ್ನ ಪಾಲು ಎಷ್ಟು ಬರತೈತಿ?"

ಅಪ್ಪ ಕಾಗದದ ಮಡಿಕೆಯನ್ನು ಬೆರಳಿಂದ ಸವರಿದ.

"ಎಷ್ಟೋ ಒಂದು. ಭಾಳೇನಿಲ್ಲ, ಚೂರು" ಎಂದ ಕಾಕಾ.

"ಚೂರು ಅಂದ್ರ? ಅದರ ಛೇದ ಎಷ್ಟು?"

ಛೇದ ಎಂಬುದು ಬೈಗುಳವೋ ಏನೋ ಎಂದು ತಿಳಿಯದೆ ಕಾಕಾ ಅಪ್ಪನ ಮುಖ ನೋಡಿದ. ಅತ್ತಿ ಅಲ್ಲೇ ಕೂತು ಪಾಟಿ ಒರೆಸಿ ಬರೆಯತೊಡಗಿದಳು. ಸಿಟ್ಟಿನಿಂದಲ್ಲ, ಪಾಲಿನ ಆಸೆಯಿಂದಲೂ ಅಲ್ಲ. ಪುಸ್ತಕದ ಹೊರಗೆ ಮೊದಲ ಸಲ ಒಂದು ಲೆಕ್ಕ ಸಿಕ್ಕ ಹುರುಪಿನಿಂದ. "ಮೂರು ಮಂದಿ ನಾವು. ಮೂರು ಮುಕ್ಕಾಲದಾಗ ಮೂರನೇ ಒಂದು. ಮೂರರಾಗ ಮೂರನೇ ಒಂದು ಅಂದ್ರ ಒಂದು. ಬಾಜೂಕ ಮುಕ್ಕಾಲು ಹಂಗ ಇರತೈತಿ. ಒಂದೂ ಮುಕ್ಕಾಲು. ಅಣ್ಣಾ, ಪೌಣೆ ಎರಡು ಅಂಕಣ."

"ಪೌಣೆ ಎರಡು!" ಕಾಕಾ ಕಂಬ ಬಿಟ್ಟು ಎದ್ದ. "ಇಡೀ ಮನೀನ ಪೌಣೆ ನಾಕು. ಅದರಾಗ ನಿನಗೊಬ್ಬಾಕಿಗೆ ಪೌಣೆ ಎರಡು? ಹೆಂಗ?"

"ಗುಣಿಸೇನಿ."

"ಏನ ಗುಣಿಸಿದಿ? ತಪ್ಪು ಗುಣಿಸಿದಿ!"

"ಹಂಗಾದ್ರ ಸರಿ ಎಷ್ಟು, ನೀ ಹೇಳು."

ಕಾಕಾ ಅಂಗಡಿಗೆ ಓಡಿಹೋಗಿ ಕ್ಯಾಲ್ಕುಲೇಟರ್ ತಂದು ಒತ್ತಿ, "ಒಂದು ಪಾಯಿಂಟ್ ಎರಡು ಐದು" ಎಂದು ಗೆದ್ದವನಂತೆ ಕೂಗಿದ. ಅತ್ತಿ ಒಪ್ಪಲಿಲ್ಲ. "ಪಾಯಿಂಟು ಗೀಯಿಂಟು ನನಗಿನ್ನೂ ಕಲಿಸಿಲ್ಲ. ಭಿನ್ನರಾಶ್ಯಾಗ ಹೇಳು." ಅಪ್ಪ ಕಾಗದದ ಹಿಂದೆ ಪೆನ್ಸಿಲಿನಿಂದ ಏನೋ ಬರೆದು ಹೊಡೆದುಹಾಕಿದ, ಮತ್ತೆ ಬರೆದ. ತಾಲೂಕಿನ ಅರ್ಧ ಭೂಮಿಯ ಕಾಗದ ಅವನ ಕೈಮೇಲೆ ಹೋಗಿತ್ತು. ಆದರೆ ಮಿಶ್ರ ಭಿನ್ನರಾಶಿ ಅವನನ್ನು ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಕೊನೆಗೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಏ, ನೀ ಹೇಳವಾ. ಸೈನ್ಸ್ ಓದಾಕಿ."

ನನ್ನ ಸ್ಥಿತಿ ನೀವೇ ಊಹಿಸಿಕೊಳ್ಳಿ. ಅತ್ತಿಯ ಉತ್ತರ ತಪ್ಪು ಎಂದು ನೋಡಿದ ಕೂಡಲೇ ಗೊತ್ತಾಗಿತ್ತು. ತಪ್ಪು ಎಂದರೆ ಅವಳಿಂದ ಅರ್ಧ ಅಂಕಣ ನಾನೇ ಕಸಿದುಕೊಂಡ ಹಾಗೆ. ಸರಿ ಎಂದರೆ ಅವಳು ಪರೀಕ್ಷೆಯಲ್ಲಿ ಅದನ್ನೇ ಬರೆದು ಬರುತ್ತಾಳೆ. ಅತ್ತಿ ನನ್ನನ್ನೇ ನೋಡುತ್ತಿದ್ದಳು. ನನ್ನ ಕಡೆ ಹೇಳು ಎಂಬ ಬೇಡಿಕೆ ಆ ನೋಟದಲ್ಲಿ ಇರಲಿಲ್ಲ. ಖರೆ ಏನು ಎಂದು ತಿಳಿಯುವ ಆತುರವಷ್ಟೇ ಇತ್ತು.

"ಅತ್ತಿ, ಮೂರು ಮಂದಿಗೂ ಪೌಣೆ ಎರಡು ಕೊಟ್ರ ಮನಿ ಸವ್ವಾ ಐದು, ಅಂದ್ರ ಐದೂಕಾಲು ಅಂಕಣ ಆಗತೈತಿ. ಬಾಜೂ ಮನ್ಯಾಗ ಹೋಗಿ ಕುಂದರಬೇಕಾಗತೈತಿ." ನಾನು ಪಾಟಿ ತೆಗೆದುಕೊಂಡು ಅವಳ ಪಕ್ಕದಲ್ಲೇ ಕೂತೆ. "ಆ ಮುಕ್ಕಾಲದಾಗೂ ನಿನಗ ಮೂರನೇ ಒಂದ ಬರೂದು. ಅದನ್ನ ಬಾಜೂಕ ಇಡಾಕ ಬರೂದಿಲ್ಲ. ಮೂರು ಮುಕ್ಕಾಲು ಅಂದ್ರ ಎಷ್ಟು ಕಾಲು?"

ಅತ್ತಿ ಬೆರಳು ಮಡಚಿದಳು. "ಹದಿನೈದು ಕಾಲು."

"ಹದಿನೈದರಾಗ ಮೂರನೇ ಒಂದು?"

"ಐದು. ಐದು ಕಾಲು." ಅವಳ ಬಳಪ ನಿಂತಿತು. "ಒಂದೂಕಾಲು. ಸವ್ವಾ."

"ಸವ್ವಾ!" ಕಾಕಾ ತೊಡೆ ತಟ್ಟಿದ. "ಕೇಳ್ರಿ! ಸವ್ವಾ ಅಂಕಣ! ಪೌಣೆ ಎರಡಂತ, ಎಲ್ಲಿ ಪೌಣೆ ಎರಡು? ನಿನ್ನ ಪಾಲು ಸವ್ವಾ ಅಂಕಣ, ತಿಳೀತಿಲ್ಲೊ? ಸವ್ವಾದ ಮ್ಯಾಲ ಒಂದ ಬೊಟ್ಟು ಹೆಚ್ಚಿಗಿ ಇಲ್ಲ!" ಆ ದನಿ ಓಣಿಯ ತುದಿಯವರೆಗೆ ಹೋಗಿರಬೇಕು. ಹಾದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಬಾಗಿಲಲ್ಲಿ ಇಣುಕಿದರು.

ಅತ್ತಿ ಪಾಟಿಯ ಮೇಲಿನ ಪೌಣೆ ಎರಡನ್ನು ಅಂಗೈಯಿಂದ ಒರೆಸಿದಳು. "ಹೌದಣ್ಣಾ, ನಂದ ತಪ್ಪು. ಸವ್ವಾ."

ಆಗ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ನಮ್ಮವ್ವ, ಅಷ್ಟು ಹೊತ್ತು ಬಾಯಿ ಬಿಡದವಳು, ಮೊರದಿಂದ ಕಣ್ಣೆತ್ತದೆ ಕೇಳಿದಳು:

"ಹಂಗಾದ್ರ ಸವ್ವಾ ಯಾವ ಕಡಿಂದು ಕೊಡ್ತೀರಿ?"

ಕಾಕಾನ ಮುಖ ನೋಡಬೇಕಾಗಿತ್ತು ನೀವು. ಅರ್ಧ ಅಂಕಣ ಉಳಿಸಿದ ಸಂತೋಷ ಅಲ್ಲೇ ಒಣಗಿಹೋಯಿತು. ಪಾಲು ಕೊಡಬೇಕೋ ಬೇಡವೋ ಎಂಬ ಮಾತಿಗೆ ಅವರು ಕೂತಿದ್ದರು. ಎಷ್ಟು ಎಂಬುದರಲ್ಲಿ ಜಗಳಾಡಿ ಗೆದ್ದಿದ್ದರು. ಗೆದ್ದದ್ದಕ್ಕೆ ಓಣಿಯೇ ಸಾಕ್ಷಿ. ಅಪ್ಪ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, "ಆಮ್ಯಾಲ ನೋಡೂಣು" ಎಂದು ಎದ್ದ.

ಅತ್ತಿ ಬೇಕೆಂದೇ ಹೆಚ್ಚು ಕೇಳಿದಳು, ಇಳಿದು ಬರಲು ಜಾಗ ಇಟ್ಟುಕೊಂಡಳು ಎಂದು ಊರಲ್ಲಿ ಆಮೇಲೆ ಅವಳ ಜಾಣತನವನ್ನು ಹೊಗಳಿದವರೂ ಬೈದವರೂ ಇದ್ದರು. ನಾನು ಕೇಳಿದ್ದೆ. ಅವಳು ನೊಂದುಕೊಂಡೇ ಹೇಳಿದಳು: "ಇಲ್ಲವಾ, ಖರೇನ ತಪ್ಪಿದ್ದೆ. ನೀ ಹೇಳಿದ್ದು ಕೇಳದ ಎದ್ದು ಹೋಗಿದ್ನಲ್ಲ, ಹಾಲು ಉಕ್ಕಿತ್ತಂತ."

ಮುಂದಿನ ದಿನಗಳು ನಗುವಂಥವಾಗಿರಲಿಲ್ಲ. ಕಾಕಾ ಮಾತು ಬಿಟ್ಟ. ಊಟಕ್ಕೆ ಕೂತರೆ ಅತ್ತಿ ಬಡಿಸಿದ್ದನ್ನು ತಿನ್ನುತ್ತಿದ್ದ, ಆದರೆ ಸಾಕು ಎನ್ನುವುದನ್ನು ತಾಟಿಗೆ ಹೇಳುತ್ತಿದ್ದ. ನೀರಿಗೆ ಹೋದಲ್ಲಿ ಹೆಂಗಸರು, "ಪಾಲು ಕೇಳಿದೆಂತಲ್ಲವಾ?" ಎಂದು ಅನುಕಂಪದಿಂದಲೇ ಚುಚ್ಚುತ್ತಿದ್ದರು. ಅತ್ತಿ ಪಾಟಿಯನ್ನು ಗೋಡೆಯ ಮಾಡದಲ್ಲಿಟ್ಟಳು. ಪರೀಕ್ಷೆ ಹತ್ತಿರ ಬಂದಿತ್ತು. ನಾನು ಕರೆದರೆ, "ಲೆಕ್ಕ ಸರಿಯಾತು, ಮನಿ ಕೆಟ್ಟಿತು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಒಂದು ದಿನ ಅಪ್ಪ ಕಚೇರಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅವಳು ಬಾಗಿಲಿಗೆ ಬಂದು ನಿಂತಳು.

"ಅಣ್ಣಾ, ನನಗ ಜಗಳ ಬ್ಯಾಡ. ಕಾಲು ಬಿಡ್ತೇನಿ. ಒಂದು ಅಂಕಣ ಕೊಡ್ರಿ ಸಾಕು. ಅದೂ ಆಗೂದಿಲ್ಲಂದ್ರ ಕಾಗದ ಕೊಡು, ಸಹಿ ಮಾಡ್ತೇನಿ."

ಅಪ್ಪ ಬಹಳ ಹೊತ್ತು ಒಂದೇ ಚಪ್ಪಲಿಯಲ್ಲಿ ನಿಂತಿದ್ದ. ಅವನು ದೊಡ್ಡ ಧೈರ್ಯದ ಮನುಷ್ಯನಲ್ಲ. ತಮ್ಮನಿಗೂ ಹೆದರುತ್ತಿದ್ದ, ಸಾಹೇಬರಿಗೂ ಹೆದರುತ್ತಿದ್ದ. ಆದರೆ ಆ ಹೊತ್ತಿಗೆ ತಂಗಿಯ ಮುಖ ನೋಡಿ ಅವನೊಳಗೆ ಏನಾಯಿತೋ.

"ಕಾಲು ಯಾಕ ಬಿಡ್ತಿ? ಸವ್ವಾ ಅಂದ್ರ ಸವ್ವಾ. ಅವನ ಹೇಳ್ಯಾನಲ್ಲ, ಓಣಿ ಮಂದಿ ಎಲ್ಲಾ ಕೇಳ್ಯಾರ." ಇಷ್ಟು ಹೇಳಿ, ತಾನೇ ಬೆಚ್ಚಿದವನಂತೆ, ಇನ್ನೊಂದು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಅಂಗಳ ದಾಟಿದ.

ಮುಂದಿನ ವಾರ ಹಗ್ಗ ಹಿಡಿದು ಅಳೆದರು. ಕಾಕಾ ಮಾತಾಡದಿದ್ದರೂ ಹಗ್ಗದ ಇನ್ನೊಂದು ತುದಿ ಹಿಡಿದ. ಬೇರೆಯವರು ಹಿಡಿದರೆ ಎಲ್ಲಿ ಸಡಿಲು ಬಿಡುತ್ತಾರೋ ಎಂದು. ಬೀದಿ ಕಡೆಯ ಒಂದು ಅಂಕಣ ಅತ್ತಿಗೆ ಬಂತು. ಉಳಿದ ಕಾಲು ಅಂಕಣ ಮಾತ್ರ ಯಾರಿಗೂ ಅನುಕೂಲವಲ್ಲದ ಜಾಗದಲ್ಲಿ ಬಿತ್ತು. ಅಲ್ಲಿ ಹಿಂದೆ ಎತ್ತುಗಳಿಗೆ ಮೇವು ಹಾಕುವ ಗ್ವಾದಲಿ ಇತ್ತು, ಎತ್ತುಗಳು ಹೋಗಿ ಗ್ವಾದಲಿ ಉಳಿದಿತ್ತು. ಗೋಡೆ ಎದ್ದಿತು. ಗೋಡೆ ಕಟ್ಟಿದ ಗವಂಡಿ ಗ್ವಾದಲಿ ಒಡೆಯಲು ಮನಸ್ಸಾಗದೆ ಹಾಗೇ ಬಿಟ್ಟ. ಅತ್ತಿ ಅದರ ಮೇಲೆ ಹಲಗೆ ಹಾಕಿ ಕಟ್ಟೆ ಮಾಡಿಕೊಂಡಳು. ಸಹಿ ಅವಳು ಮಾಡಿದಳು, ಆದರೆ ಬೇರೆ ಕಾಗದಕ್ಕೆ.

ಪರೀಕ್ಷೆಗೂ ಕೂತಳು. ಬಾದಾಮಿಯಲ್ಲಿ ಸೆಂಟರ್ ಬಂದಿತ್ತು. ಪ್ರಶ್ನೆಪತ್ರಿಕೆಯಲ್ಲಿ ಮಿಶ್ರ ಭಿನ್ನರಾಶಿಯ ಒಂದು ಲೆಕ್ಕವೂ ಇರಲಿಲ್ಲ. ಹತ್ತನೆಯವರಿಗೆ ಅದನ್ನು ಯಾರು ಕೇಳುತ್ತಾರೆ? ಅತ್ತಿಗ್ಯಾಕೋ ಅದರಿಂದ ಬೇಸರವೇ ಆಯಿತು. ಆದರೂ ಅಂಚಿನಲ್ಲಿ ದಾಟಿ ಪಾಸಾದಳು. ಪಾಸಾದ ಸುದ್ದಿ ತಿಳಿದು ಕಾಕಾ ಅಮೀನಗಡದಿಂದ ಕರದಂಟಿನ ಪೆಟ್ಟಿಗೆ ತಂದು, ಮಾತಾಡದೆ, ಹೊಸ ಗೋಡೆಯ ಆ ಕಡೆ ಇಟ್ಟುಹೋದ. ಅಷ್ಟರಲ್ಲಿ ಅಂಗನವಾಡಿಯ ಜಾಗ ಬೇರೆಯವರಿಗೆ ಹೋಗಿತ್ತು. ಯಾವ ಕೆಲಸಕ್ಕಾಗಿ ಇಷ್ಟೆಲ್ಲ ಆಯಿತೋ ಅದೊಂದು ಮಾತ್ರ ಆಗಲಿಲ್ಲ.

ಕಟ್ಟೆಯ ಮೇಲೆ ಓಣಿಯ ಮಕ್ಕಳು ಬಂದು ಕೂರತೊಡಗಿದ್ದು ಆಮೇಲೆ. ಲೆಕ್ಕಕ್ಕೆ ನಪಾಸಾಗಿದ್ದ ನೀಲತ್ತಿ ಲೆಕ್ಕದ ಟ್ಯೂಶನ್ ಶುರುಮಾಡಿದಳು. ಏಳನೆಯವರೆಗೆ ಮಾತ್ರ, ಅದರಾಚೆಗಿನದು ತನಗೆ ಬರುವುದಿಲ್ಲವೆಂದು ಕೇಳಿದವರಿಗೆಲ್ಲ ಹೇಳಿಬಿಡುತ್ತಾಳೆ. ಒಮ್ಮೆ ನಾನು ಹೋದಾಗ ಒಬ್ಬ ಹುಡುಗಿ ಅಳುಮುಖ ಮಾಡಿಕೊಂಡು ನಿಂತಿದ್ದಳು: ಗುಣಿಸಿದ ಮೇಲೆ ಸಣ್ಣದಾಯಿತು, ಸಾಲ್ಯಾಗ ಕೇಳಿದರೆ ಎಲ್ಲರೂ ನಕ್ಕರು. ಅತ್ತಿ ನಗಲಿಲ್ಲ. "ನೀ ಹೇಳೂದು ಖರೆ ಐತಿ. ಹೆಸರು ತಪ್ಪಿಟ್ಟಾರ, ನೀ ಏನ್ ಮಾಡ್ತಿ?" ಎಂದಳು. ಹುಡುಗಿಯ ಮುಖ ಬಿಚ್ಚಿಕೊಂಡಿತು. ನಾನು ಈಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನೀ ಹೇಳುವುದು ಖರೆ ಎಂದು ನಾನು ಇನ್ನೂ ಯಾವ ವಿದ್ಯಾರ್ಥಿಗೂ ಹೇಳಿದ ನೆನಪಿಲ್ಲ. ಆ ಹುಡುಗಿ ಕಾಕಾನ ಮೊಮ್ಮಗಳು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ನಿನ್ನೆ ಇಷ್ಟನ್ನೂ ನೆನೆಸಿಕೊಳ್ಳುತ್ತ ನಿಂತಿದ್ದಾಗಲೇ ಫೋನು ಬಂತು. ವಿಜಯಪುರದಿಂದ ನನ್ನ ತಮ್ಮ. ಅವ್ವ ಮೊದಲೇ ಹೋಗಿದ್ದಳು, ಅಪ್ಪ ಹೋದ ವರ್ಷ ಹೋದ. ತಮ್ಮ ಕೆಟ್ಟವನಲ್ಲ. ಹಬ್ಬಕ್ಕೆ ಸೀರೆ ಕಳಿಸುತ್ತಾನೆ, ನನಗೆ ಜ್ವರ ಬಂದರೆ ದಿನಕ್ಕೆರಡು ಸಲ ಕೇಳುತ್ತಾನೆ.

"ಅಕ್ಕಾ, ಆ ಗುಡೂರ ಮನಿ ಅಪ್ಪನ ಹೆಸರಿನಾಗಿಂದ ತೆಗಸ್ಬೇಕಾಗೈತಿ. ಒಂದು ಸಹಿ ಬೇಕಾಗಿತ್ತು ನಿಂದು. ಕೊರಿಯರ್ ಮಾಡ್ಲ್ಯಾ?"

"ಮಾಡಪಾ, ಅದಕ್ಕೇನು" ಎಂದು ನನ್ನ ಬಾಯಿ ಹೇಳಿಬಿಟ್ಟಿತು. ಎಷ್ಟು ಸಲೀಸಾಗಿ ಹೇಳಿತು ಎಂದರೆ ನನಗೇ ಹೆದರಿಕೆಯಾಯಿತು. ವರ್ಷಗಟ್ಟಲೆ ಅಪ್ಪ ಕಾಕಾನ ಕಥೆ ಹೇಳಿ ಮಂದಿಯನ್ನು ನಗಿಸಿದವಳು ನಾನು. ನನ್ನ ಸರದಿ ಬಂದಾಗ ನೀಲತ್ತಿ ಕೇಳಿದ ಆ ಒಂದು ಪ್ರಶ್ನೆಯೂ ನನಗೆ ಹೊಳೆದಿರಲಿಲ್ಲ.

"ತಡಿ" ಎಂದೆ. "ನಂದು ಎಷ್ಟು ಬರತೈತಿ?"

ಆ ಕಡೆ ತಮ್ಮ ನಕ್ಕ. "ಏನಕ್ಕಾ ನೀ! ಅಪ್ಪಂದ ಸವ್ವಾ ಅಂಕಣ. ಅದರಾಗ ನಾವು ಇಬ್ರು. ಅಂದ್ರ..." ಮುಂದಿನದು ಅವನಿಗೆ ಬರಲಿಲ್ಲ. ನಾನು ಕಾದೆ. ಗೋಡೆಯಾಚೆ ಹೋಮ್‌ವರ್ಕ್ ಮುಗಿದು ಟಿವಿ ಹಚ್ಚಿದ್ದರು.

"ಎಂಟರಾಗ ಐದು" ಎಂದೆ.

"ಅಂದ್ರ ಪೂರಾ ಒಂದು ಅಂಕಣಾನೂ ಅಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಅಷ್ಟರಾಗ ಏನ ಮಾಡ್ತಿ ಅಕ್ಕಾ?"

"ಕುಂದರ್ತೇನಿ" ಎಂದೆ.